ಹಾಡು ಕಿವಿಗೆ, ಕಣ್ಣು ಹಾದಿಗೆ

ಮಹಾನಗರದ ಬದುಕಿನಲ್ಲಿ ಮನೆ ಮತ್ತು ಕಚೇರಿಗಳ ತರುವಾಯ ನಾವು ಅತಿ ಹೆಚ್ಚು ಕಾಲ ಕಳೆಯುವ ಸ್ಥಳ ಯಾವುದೆಂದು ಕೇಳಿದರೆ, ರಸ್ತೆಯೆಂದೇ ಅನೇಕರು ಉತ್ತರಿಸಬೇಕಾದೀತು. ಒಂದು ಕಾಲಕ್ಕೆ ಕಾರೆಂಬುದು ಸಿರಿವಂತರ ಸೊತ್ತಾಗಿತ್ತು. ಇಂದು ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಮಧ್ಯಮ ವರ್ಗದ ಕನ್ನಡಿಗನ ಮನೆಯ ಮುಂದೆಯೂ, ಬ್ಯಾಂಕಿನ ಸಾಲದಿಂದಲಾದರೂ ಸರಿಯೆ, ಒಂದು ಕಾರು ಬಂದು ನಿಂತಿದೆ. ಕಾರಿನೊಡನೆ ರೇಡಿಯೊ ಬಂದಿತು, ಕ್ಯಾಸೆಟ್ ಬಂದಿತು, ಕ್ಯಾಸೆಟ್ಟಿನ ಸ್ಥಾನಕ್ಕೆ ಸಿ.ಡಿ. ಬಂದಿತು. ಈಗ ಅದನ್ನೂ ಪಕ್ಕಕ್ಕೆ ಸರಿಸಿ ಹೊಳೆಯುವ ಗಾಜಿನ ಪರದೆ ಬಂದು ಕುಳಿತಿದೆ.

ಈ ಯಂತ್ರವನ್ನು ನಡೆಸುವುದರ ಬಗ್ಗೆ ಬರೆಯುವುದಕ್ಕೇನಿದೆ, ಗುಂಡಿ ಒತ್ತಿದರೆ ಅದು ಹಾಡುತ್ತದೆಯಲ್ಲವೆ ಎಂದು ಕೆಲವರು ನಗಬಹುದು. ಆದರೆ ಆರೋಗ್ಯ ಲೇಖನಗಳಿಗೂ ಎಡೆಯಿತ್ತಿರುವ ಈ ಸಂಚಿಕೆಯಲ್ಲಿ ಇದನ್ನು ಪ್ರಸ್ತಾಪಿಸುವುದಕ್ಕೆ ಸಾಕಷ್ಟು ಕಾರಣವಿದೆ. ರಕ್ತದೊತ್ತಡ, ಮಧುಮೇಹಗಳ ವಿಷಯದಲ್ಲಿ ಎಚ್ಚರ ವಹಿಸುವ ಗೃಹಸ್ಥನೇ, ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು ಹೆದ್ದಾರಿಯಲ್ಲಿ ಸಾಗುವಾಗ ಹಾಡು ಹುಡುಕಲೆಂದು ಕಣ್ಣನ್ನು ರಸ್ತೆಯಿಂದ ಕೀಳುತ್ತಾನೆ. ಮೊದಲಿನವು ವರ್ಷಗಟ್ಟಲೆ ಕಾದು ಪೀಡಿಸುವ ರೋಗಗಳು. ಎರಡನೆಯದು ಕ್ಷಣಾರ್ಧದಲ್ಲಿ ಮನೆಯನ್ನೇ ಮುಳುಗಿಸಬಲ್ಲದು. ಕಾರಿನಲ್ಲಿ ಸಂಗೀತ ಬೇಡವೆಂಬುದು ನನ್ನ ವಾದವಲ್ಲ. ಬೇಕೇ ಬೇಕು. ಆದರೆ ಅದರ ವ್ಯವಸ್ಥೆಯೆಲ್ಲವೂ ಗಾಲಿ ಉರುಳುವ ಮುನ್ನವೇ ಮುಗಿದಿರಬೇಕು. ಉರುಳತೊಡಗಿದ ಮೇಲೆ ಚಾಲಕನ ಪಾಲಿಗೆ ಉಳಿಯಬೇಕಾದುದು ಸದ್ದನ್ನು ಹೆಚ್ಚುಕಡಿಮೆ ಮಾಡುವ ಗುಂಡಿಯೊಂದೇ ಎಂಬುದು ನನ್ನ ಅಭಿಪ್ರಾಯ.

ಎರಡು ಸೆಕೆಂಡುಗಳ ಲೆಕ್ಕ

ವಾಣಿಜ್ಯಶಾಸ್ತ್ರ ಓದಿದವನಿಗೆ ಲೆಕ್ಕದ ಭಾಷೆಯೇ ಸುಲಭ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಎರಡು ಸೆಕೆಂಡು ಕಣ್ಣು ತಪ್ಪಿದರೆ 33 ಮೀಟರ್, ಅಂದರೆ ಮೂರು ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ದೂರವನ್ನು ನಾವು ಕುರುಡರಾಗಿ ಕ್ರಮಿಸಿದಂತಾಯಿತು. 100 ಕಿಲೋಮೀಟರ್ ವೇಗದಲ್ಲಿ ಅದೇ ಎರಡು ಸೆಕೆಂಡಿಗೆ 55 ಮೀಟರಿಗೂ ಹೆಚ್ಚು. ಮುಂದಿನ ಲಾರಿ ಬ್ರೇಕು ಹಾಕಲು, ಮಗುವೊಂದು ರಸ್ತೆಗೆ ಓಡಿಬರಲು ಇದಕ್ಕಿಂತ ಕಡಿಮೆ ಅವಧಿ ಸಾಕು.

ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯು 2013ರಲ್ಲಿ ಕಾರು ತಯಾರಕರಿಗಾಗಿ ಹೊರಡಿಸಿದ ಮಾರ್ಗದರ್ಶಿಯಲ್ಲಿಯೂ ಇದೇ ಎರಡು ಸೆಕೆಂಡುಗಳ ಮಿತಿಯಿದೆ. ಕಾರಿನೊಳಗಿನ ಯಾವುದೇ ಉಪಕರಣವನ್ನು ಬಳಸಲು ಚಾಲಕನು ಒಮ್ಮೆಗೆ ಎರಡು ಸೆಕೆಂಡಿಗಿಂತ ಹೆಚ್ಚು ಕಾಲ, ಒಂದು ಕೆಲಸಕ್ಕೆ ಒಟ್ಟಾರೆ 12 ಸೆಕೆಂಡಿಗಿಂತ ಹೆಚ್ಚು ಕಾಲ ರಸ್ತೆಯಿಂದ ದೃಷ್ಟಿ ತೆಗೆಯಬೇಕಾಗಿ ಬರಬಾರದೆಂದು ಅದು ಹೇಳುತ್ತದೆ. ಇಷ್ಟಕ್ಕೂ ತಪ್ಪುವುದು ಕಣ್ಣೊಂದೇ ಅಲ್ಲ. ಕೈ ಸ್ಟೀರಿಂಗನ್ನು ಬಿಡುತ್ತದೆ. ಮನಸ್ಸು ಹಾಡಿನ ಪಟ್ಟಿಯಲ್ಲಿ ಅಲೆಯುತ್ತದೆ. ಮೂರೂ ಒಟ್ಟಿಗೆ ರಜೆಯ ಮೇಲೆ ಹೋದರೆ ಕಚೇರಿಯ ಗತಿಯೇನು?

ಗುಂಡಿಯೋ, ಗಾಜೋ?

ಹಳೆಯ ಕಾರಿನ ರೇಡಿಯೊದಲ್ಲಿ ಎಡಕ್ಕೊಂದು ತಿರುಗಿಸುವ ಗುಂಡಿ, ಕೆಳಗೆ ಸಾಲಾಗಿ ಆರು ಒತ್ತುವ ಗುಂಡಿಗಳು ಇರುತ್ತಿದ್ದವು. ಒಂದು ವಾರದ ಬಳಕೆಯಲ್ಲಿ ಬೆರಳುಗಳಿಗೆ ಅವುಗಳ ಜಾಗ ತಿಳಿದುಬಿಡುತ್ತಿತ್ತು. ಕತ್ತಲೆಯಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಕೈಗೆ ಸಿಕ್ಕುವಂತೆ ಬೇಕಾದ ಗುಂಡಿ ಸಿಕ್ಕುತ್ತಿತ್ತು. ಗಾಜಿನ ಪರದೆಯಲ್ಲಿ ಉಬ್ಬಿಲ್ಲ, ತಗ್ಗಿಲ್ಲ. ನೋಡದೆ ಮುಟ್ಟಿದರೆ ಏನನ್ನು ಮುಟ್ಟಿದೆವೆಂದು ಬೆರಳಿಗೆ ತಿಳಿಯದು. ಆದ್ದರಿಂದ ಪ್ರತಿಯೊಂದು ಸ್ಪರ್ಶಕ್ಕೂ ಒಂದು ನೋಟದ ತೆರಿಗೆ ಕಟ್ಟಬೇಕು.

ಇದು ಹಳೆಯದನ್ನು ಹಂಬಲಿಸುವವರ ಹಳಹಳಿಕೆಯಲ್ಲ. ಸ್ವೀಡನ್ ದೇಶದ 'ವಿ ಬಿಲೇಗಾರೆ' ಎಂಬ ಮೋಟಾರು ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ನಡೆಸಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ, ರೇಡಿಯೊ ಹಾಕಿ ನಿರ್ದಿಷ್ಟ ನಿಲಯಕ್ಕೆ ತಿರುಗಿಸುವುದೂ ಸೇರಿದಂತೆ ನಾಲ್ಕು ಬಗೆಯ ಕೆಲಸಗಳನ್ನು ಚಾಲಕರಿಗೆ ಒಪ್ಪಿಸಲಾಯಿತು. ಗುಂಡಿಗಳಿದ್ದ 2005ರ ಹಳೆಯ ವೋಲ್ವೊ ಕಾರಿನಲ್ಲಿ ಕೆಲಸವೆಲ್ಲ 10 ಸೆಕೆಂಡಿನಲ್ಲಿ ಮುಗಿಯಿತು. ಅಷ್ಟರಲ್ಲಿ ಕಾರು ಸಾಗಿದ್ದು 306 ಮೀಟರ್. ಪರದೆಯನ್ನೇ ನೆಚ್ಚಿದ ಹೊಸ ಕಾರುಗಳ ಪೈಕಿ ಅತ್ಯಂತ ಹಿಂದುಳಿದುದು 44.6 ಸೆಕೆಂಡು ತೆಗೆದುಕೊಂಡಿತು. ಆ ಅವಧಿಯಲ್ಲಿ ಅದು 1,372 ಮೀಟರ್ ಓಡಿತ್ತು! ಕಾರುಗಳ ಸುರಕ್ಷತೆಗೆ ತಾರೆಗಳ ದರ್ಜೆ ನೀಡುವ 'ಯೂರೋ ಎನ್‌ಕ್ಯಾಪ್' ಸಂಸ್ಥೆಯು ತನ್ನ 2026ರ ನಿಯಮಾವಳಿಯಲ್ಲಿ ಹಾರ್ನು, ವೈಪರು, ತಿರುವಿನ ದೀಪ ಮೊದಲಾದವುಗಳಿಗೆ ಪ್ರತ್ಯೇಕ ಗುಂಡಿ ಅಥವಾ ಹಿಡಿಕೆ ಇದ್ದರೆ ಮಾತ್ರ ಪೂರ್ಣ ಅಂಕವೆಂದು ವಿಧಿಸಿದೆ. ಈ ಪಟ್ಟಿಯಲ್ಲಿ ರೇಡಿಯೊ ಇಲ್ಲವಾದರೂ ಅದರ ಹಿಂದಿನ ತತ್ತ್ವ ರೇಡಿಯೊಕ್ಕೂ ಅನ್ವಯಿಸುತ್ತದೆ.

ಆದುದರಿಂದ ಹೊಸ ಕಾರು ಕೊಳ್ಳುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ಸಾಲದ ಬಡ್ಡಿ, ಪೆಟ್ರೋಲಿನ ಖರ್ಚು ವಿಚಾರಿಸುವಾಗಲೇ ಇನ್ನೊಂದನ್ನೂ ಪರೀಕ್ಷಿಸಿರಿ. ಚಾಲಕನ ಆಸನದಲ್ಲಿ ಕುಳಿತು, ಎದುರಿಗೆ ನೋಡುತ್ತಲೇ ಸದ್ದನ್ನು ತಗ್ಗಿಸಲು ಸಾಧ್ಯವೇ? ಮುಂದಿನ ಹಾಡಿಗೆ ಹೋಗಲು ಸ್ಟೀರಿಂಗಿನ ಮೇಲೆ ಗುಂಡಿಯಿದೆಯೇ? ಇಲ್ಲವಾದರೆ ಪರದೆ ಎಷ್ಟೇ ದೊಡ್ಡದಿರಲಿ, ಅದು ಭೂಷಣವಲ್ಲ.

ಹೊರಡುವ ಮುನ್ನ

ಮನೆಯಲ್ಲಿರುವುದು ಹಳೆಯ ಯಂತ್ರವಾಗಲಿ ಹೊಸದಾಗಲಿ, ಅದರೊಡನೆ ಬಂದ ಕೈಪಿಡಿಯನ್ನು ಒಂದು ಭಾನುವಾರ ಬೆಳಿಗ್ಗೆ ಕಾರು ನಿಂತಿರುವಾಗಲೇ ಓದಿಕೊಳ್ಳುವುದು ಲೇಸು. ಎಂಜಿನ್ ನಿಲ್ಲಿಸಿ ಬಹುಹೊತ್ತು ಹಾಡು ಹಾಕಿದರೆ ಬ್ಯಾಟರಿ ಇಳಿದುಹೋಗುತ್ತದೆಂಬುದು ನೆನಪಿರಲಿ.

ರೇಡಿಯೊದಲ್ಲಿ ಇಷ್ಟವಾದ ನಿಲಯ ಸಿಕ್ಕಿದೊಡನೆ ಸಂಖ್ಯೆಯ ಗುಂಡಿಗಳಲ್ಲೊಂದನ್ನು ಎರಡು ಮೂರು ಸೆಕೆಂಡು ಒತ್ತಿಹಿಡಿದರೆ ಸಾಮಾನ್ಯವಾಗಿ 'ಬೀಪ್' ಎಂಬ ಸದ್ದಾಗಿ ಅದು ನೆನಪಿನಲ್ಲಿ ಉಳಿಯುತ್ತದೆ. ಹೀಗೆ ಆರು ನಿಲಯಗಳನ್ನು ಕ್ರಮವಾಗಿ ಇಟ್ಟುಕೊಂಡರೆ ಆಮೇಲೆ ಹುಡುಕುವ ಮಾತಿಲ್ಲ. ತಾನಾಗಿಯೇ ನಿಲಯಗಳನ್ನು ತುಂಬಿಕೊಳ್ಳುವ 'ಆಟೋ ಸ್ಟೋರ್' ಸೌಲಭ್ಯ ಪರವೂರಿನಲ್ಲಿ ಉಪಯುಕ್ತವೇನೋ ಹೌದು. ಆದರೆ ಅನೇಕ ಯಂತ್ರಗಳಲ್ಲಿ ಅದು ನಾವು ಮೊದಲೇ ಇಟ್ಟಿದ್ದ ನಿಲಯಗಳನ್ನು ಅಳಿಸಿಬಿಡುತ್ತದೆ. ಎಫ್.ಎಂ. ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಘಟ್ಟದ ತಿರುವಿನಲ್ಲಿ, ಸುರಂಗದಲ್ಲಿ ಸದ್ದು ಗೊರಗೊರನೆ ಒಡೆಯುವುದು ಸಹಜ. ಅದು ಯಂತ್ರದ ದೋಷವಲ್ಲ. ಖಂಡಾಲದ ಘಟ್ಟದಲ್ಲಿ ಅದನ್ನು ಸರಿಪಡಿಸಲು ಹೊರಡುವುದಕ್ಕಿಂತ ಸದ್ದನ್ನು ಪೂರ್ತಿ ತಗ್ಗಿಸುವುದು ಜಾಣತನ.

ಕೆಲವು ರೇಡಿಯೊಗಳಿಗೆ ನಾಲ್ಕಂಕಿಯ ಗುಪ್ತ ಸಂಖ್ಯೆಯಿರುತ್ತದೆ. ಬ್ಯಾಟರಿ ಬದಲಿಸಿದಾಗ ಅದನ್ನು ಕೊಡದಿದ್ದರೆ ರೇಡಿಯೊ ಬಾಯಿ ಬಿಡುವುದಿಲ್ಲ. ಪದೇ ಪದೇ ತಪ್ಪು ಸಂಖ್ಯೆ ಕೊಟ್ಟರೆ ಬೀಗ ಹಾಕಿಕೊಂಡುಬಿಡುತ್ತದೆ. ಈ ಸಂಖ್ಯೆಯ ಚೀಟಿಯನ್ನು ಕಾರಿನಲ್ಲಿಡದೆ ಮನೆಯ ಕಪಾಟಿನಲ್ಲಿಡಬೇಕು. ಎ.ಟಿ.ಎಂ. ಕಾರ್ಡಿನ ಹಿಂಬದಿಯಲ್ಲೇ ಗುಪ್ತ ಸಂಖ್ಯೆ ಬರೆದಿಡುವ ಗ್ರಾಹಕರನ್ನು ಕಂಡ ನಮ್ಮಂಥವರಿಗೆ ಈ ಎಚ್ಚರಿಕೆ ಹೇಳದೆ ಇರಲಾಗುವುದಿಲ್ಲ.

ತಟ್ಟೆಗಳ ಆರೈಕೆ

ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ, ಜಪಾನಿನಲ್ಲಿ. ಇತ್ತೀಚಿನ ಹೊಸ ಕಾರುಗಳಲ್ಲಿ ಅದಕ್ಕೆ ಬಾಗಿಲೇ ಇಲ್ಲವಾದರೂ, ಹಳೆಯ ಕಾರನ್ನು ಜತನದಿಂದ ಇಟ್ಟುಕೊಂಡವರ ಮನೆಗಳಲ್ಲಿ ಊರಿಗೆ ಹೋದಾಗಲೆಲ್ಲ ಕೊಂಡುತಂದ ಭಾವಗೀತೆ, ದೇವರನಾಮ, ಯಕ್ಷಗಾನಗಳ ತಟ್ಟೆಗಳು ಇನ್ನೂ ಇವೆ. ತಟ್ಟೆಯನ್ನು ಅಂಚಿನಲ್ಲಿ ಹಿಡಿಯಬೇಕು. ಒರೆಸುವಾಗ ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕೇ ಹೊರತು ಗುಂಡಗೆ ತಿಕ್ಕಬಾರದು. ಹೊಳೆಯುವ ಮಗ್ಗುಲಿನಷ್ಟೇ ಹೆಸರು ಅಚ್ಚಾದ ಮಗ್ಗುಲನ್ನೂ ಕಾಪಾಡಬೇಕು. ಧ್ವನಿ ಅಡಕವಾಗಿರುವ ಪದರವು ಅಚ್ಚಿನ ಕೆಳಗೇ ಇರುವುದರಿಂದ ಅಲ್ಲಿ ಬಿದ್ದ ಗೀರು ಹೆಚ್ಚು ಅಪಾಯಕಾರಿ. ಅಂಟಿಸಿದ ಚೀಟಿಯಿರುವ ತಟ್ಟೆ ಬಿಸಿಗೆ ಸಡಿಲಗೊಂಡು ಒಳಗೆ ಸಿಕ್ಕಿಕೊಳ್ಳಬಹುದು. ಮನೆಯಲ್ಲಿ ನಕಲು ಮಾಡಿದ ತಟ್ಟೆಗಳಂತೂ ಬಿಸಿಲಿಗೆ ಬೇಗ ಕೆಡುತ್ತವೆ.

ಸಾಮಾನ್ಯ ತಟ್ಟೆಯಲ್ಲಿ 74ರಿಂದ 80 ನಿಮಿಷಗಳ ಸಂಗೀತ ಹಿಡಿದರೆ, ಎಂ.ಪಿ.3 ತಟ್ಟೆಯಲ್ಲಿ ನೂರಕ್ಕೂ ಮಿಕ್ಕಿ ಹಾಡುಗಳು ಹಿಡಿಯುತ್ತವೆ. ಪೆನ್‌ಡ್ರೈವಿನಲ್ಲಾದರೋ ಸಾವಿರಗಟ್ಟಲೆ. ಇಲ್ಲಿಯೇ ಅಪಾಯವಿರುವುದು. ಹತ್ತು ಹಾಡಿದ್ದಾಗ ನಾವು ಕೇಳುತ್ತಿದ್ದೆವು, ಸಾವಿರವಾದಾಗ ಹುಡುಕುತ್ತಿದ್ದೇವೆ. ಪ್ರಯಾಣಕ್ಕೆ ತಕ್ಕ ಇಪ್ಪತ್ತು ಹಾಡುಗಳ ಒಂದೊಂದು ಕಂತೆಯನ್ನು ಮನೆಯಲ್ಲೇ ಮಾಡಿಟ್ಟು, ಒಂದನ್ನು ಹಾಕಿ ಹೊರಡಬೇಕು. ಮೊಬೈಲಿನಿಂದ ಹಾಡು ಹಾಕುವವರು ಅದನ್ನು ಕೈಯಲ್ಲಿ ಹಿಡಿಯುವುದು ಅಪಾಯ ಮಾತ್ರವಲ್ಲ, ಅಪರಾಧವೂ ಹೌದು. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಚಾಲನೆಯ ವೇಳೆ ಕೈಯಲ್ಲಿ ಮೊಬೈಲ್ ಬಳಸುವುದು ಅಪಾಯಕಾರಿ ಚಾಲನೆಯೆನಿಸುತ್ತದೆ. ಮೊದಲ ಸಲಕ್ಕೇ 1,000ದಿಂದ 5,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು.

ಕಿವಿ ಮತ್ತು ನಿದ್ರೆ

ಶಬ್ದವನ್ನು ಡೆಸಿಬಲ್‌ಗಳಲ್ಲಿ ಅಳೆಯುತ್ತಾರೆ. 85 ಡೆಸಿಬಲ್ ಮಟ್ಟದ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದು. ಮುಂದೆ ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧಕ್ಕರ್ಧ ಇಳಿಯುತ್ತದೆಂಬುದು ತಜ್ಞರು ಅನುಸರಿಸುವ ಸೂತ್ರ. ಈ ಲೆಕ್ಕದಲ್ಲಿ 100 ಡೆಸಿಬಲ್‌ಗೆ ದಕ್ಕುವುದು ಹದಿನೈದೇ ನಿಮಿಷ. ಇದು ಚಕ್ರಬಡ್ಡಿಯಂಥ ಲೆಕ್ಕ. ಸ್ವಲ್ಪವೇ ಏರಿಸಿದೆವೆಂದುಕೊಂಡರೂ ಕಿವಿಯ ಮೇಲಿನ ಸಾಲ ಇಮ್ಮಡಿಸುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಅಳತೆಯ ಸಾಧನ ಬೇಡ. ಪಕ್ಕದವರೊಡನೆ ಮಾತನಾಡಲು ದನಿ ಏರಿಸಬೇಕಾಗಿ ಬಂದರೆ, ಇಳಿದ ಮೇಲೆ ಕಿವಿ ಗುಂಯ್ಗುಟ್ಟಿದರೆ ಸದ್ದು ಹೆಚ್ಚಾಗಿತ್ತೆಂದೇ ತಿಳಿಯಬೇಕು. ಕಿಟಕಿ ತೆರೆದು ರಸ್ತೆಯ ಗದ್ದಲವನ್ನು ಮೀರಿಸಲು ಹಾಡು ಏರಿಸುವುದು ಸಲ್ಲದು. ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗು ನಮಗೆ ಕೇಳಿಸಲೇಬೇಕು. ಅದರೊಳಗಿರುವವರೂ ಯಾರದೋ ಮನೆಯವರು.

ಇನ್ನೊಂದು ತಪ್ಪು ನಂಬಿಕೆ ನಮ್ಮವರಲ್ಲಿ ಬೇರೂರಿದೆ. ಮೇ ತಿಂಗಳ ರಜೆಗೋ ದಸರೆಗೋ ರಾತ್ರಿಯೆಲ್ಲ ಕಾರು ನಡೆಸಿ ಹುಬ್ಬಳ್ಳಿ, ಬೆಂಗಳೂರು, ಮಂಗಳೂರುಗಳನ್ನು ಸೇರುವವರು, ಜೋರಾಗಿ ಹಾಡು ಹಾಕಿದರೆ ನಿದ್ರೆ ಬಾರದೆಂದು ಭಾವಿಸುತ್ತಾರೆ. ಹಾಡಾಗಲಿ ಮುಖಕ್ಕೆ ಬಡಿಯುವ ತಣ್ಣನೆಯ ಗಾಳಿಯಾಗಲಿ ಕೊಡುವ ಚುರುಕು ಅಲ್ಪಕಾಲದ್ದು. ತೂಕಡಿಕೆ ಬಂದಾಗ ಸುರಕ್ಷಿತ ಸ್ಥಳದಲ್ಲಿ ಕಾರು ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, ಹದಿನೈದು ಇಪ್ಪತ್ತು ನಿಮಿಷ ಮಲಗಿ ಏಳುವುದೇ ತಕ್ಕ ಮದ್ದು. ದಣಿವು ಹೆಚ್ಚಾಗಿದ್ದರೆ ರಾತ್ರಿ ತಂಗುವುದೇ ಮೇಲು. ಊರು ಎಲ್ಲಿಗೂ ಓಡಿಹೋಗುವುದಿಲ್ಲ.

ಕನ್ನಡದ ಒಂದು ಗಂಟೆ

ಇಷ್ಟೆಲ್ಲ ತೊಡಕಿದ್ದರೆ ಯಂತ್ರವನ್ನು ಮುಚ್ಚಿಬಿಡಬಾರದೇಕೆ ಎಂದು ಕೇಳುವವರುಂಟು. ಸುರಕ್ಷತೆಯ ದೃಷ್ಟಿಯಿಂದ ಆ ಮಾತಿಗೆ ತೂಕವಿದೆ. ಆದರೆ ಹೊರನಾಡಿನ ನಮಗೆ ಅದರಿಂದಾಗುವ ನಷ್ಟವೂ ಸಣ್ಣದಲ್ಲ. ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಹಿಂದಿ, ಮರಾಠಿ. ಮನೆಯಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು, ಒಬ್ಬೊಬ್ಬರ ಕಿವಿಗೆ ಒಂದೊಂದು ಹಾಡು. ಮನೆಮಂದಿಯೆಲ್ಲ ಒಂದೇ ಹಾಡನ್ನು ಒಟ್ಟಿಗೆ ಕೇಳುವ ಸ್ಥಳ ಇಂದು ಕಾರೊಂದೇ ಆಗಿ ಉಳಿದಿದೆ. ರೇಡಿಯೊಕ್ಕೆ 'ಆಕಾಶವಾಣಿ' ಎಂಬ ಸುಂದರ ಹೆಸರನ್ನಿತ್ತು 1935ರಲ್ಲಿ ನಿಲಯ ತೆರೆದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ಮೈಸೂರು ನಮ್ಮದು. ಆ ಪರಂಪರೆಯ ಮಕ್ಕಳು ಕನ್ನಡದ ಪದ್ಯವೊಂದನ್ನು ಹಿಂದಿನ ಆಸನದಲ್ಲಿ ಕುಳಿತು ಕಲಿತರೆ ಅದು ಕಡಿಮೆ ಲಾಭವೇ?

ಆದಕಾರಣ ಮುಚ್ಚುವುದು ಬೇಡ, ಕೆಲಸವನ್ನು ಹಂಚಿಕೊಳ್ಳೋಣ. ಚಾಲಕನು ಕಾರು ನಡೆಸಲಿ. ಹಾಡಿನ ಉಸ್ತುವಾರಿ ಅವನ ಪಕ್ಕದಲ್ಲಿ ಕುಳಿತವರಿಗಿರಲಿ, ಅದು ಮನೆಯಾಕೆಯಾಗಲಿ, ಬೆಳೆದ ಮಗನಾಗಲಿ, ಊರಿಂದ ಬಂದ ಮಾವನವರಾಗಲಿ. ಯಾವ ಹಾಡು ಮೊದಲು ಎಂಬ ಚರ್ಚೆ ಗೇಟು ದಾಟುವ ಮುನ್ನವೇ ತೀರ್ಮಾನವಾಗಲಿ. ಒಬ್ಬನೇ ಹೋಗುವವನು ಒಂದು ತಟ್ಟೆಯನ್ನೋ ಒಂದು ನಿಲಯವನ್ನೋ ಹಾಕಿ, ಬೇಸರವಾದರೂ ಮುಂದಿನ ನಿಲುಗಡೆಯವರೆಗೆ ಅದನ್ನೇ ಕೇಳಲಿ. ಇಷ್ಟವಿಲ್ಲದ ಒಂದು ಹಾಡನ್ನು ನಾಲ್ಕು ನಿಮಿಷ ಸಹಿಸಿದವನಿಗೆ ಆಗುವ ನಷ್ಟ ನಾಲ್ಕು ನಿಮಿಷ ಮಾತ್ರ. ಅದನ್ನು ಬದಲಿಸಹೋಗಿ ಕಣ್ಣು ತಪ್ಪಿಸಿದವನ ನಷ್ಟವನ್ನು ಯಾವ ವಿಮೆಯೂ ಪೂರ್ತಿ ತುಂಬಿಕೊಡಲಾರದು.