ಗಾತ್ರ ಕಿರಿದಾದರೆ ನಾಯಿ ಆಟಿಕೆಯಾಗುವುದೇ?



ನಿಮ್ಮಲ್ಲಿ ಮೂವರು ಈ ವರ್ಷ ನನ್ನೊಡನೆ ಒಂದೇ ಮಾತನ್ನಾಡಿದ್ದೀರಿ: "ಮೇಷ್ಟ್ರೇ, ಮಗನ ಹುಟ್ಟುಹಬ್ಬಕ್ಕೆ ಜಾಕ್ ರಸೆಲ್ ಟೆರಿಯರ್ ತರುತ್ತಿದ್ದೇವೆ. ಪುಟ್ಟ ನಾಯಿ, ಫ್ಲ್ಯಾಟಿಗೆ ಸರಿಹೋಗುತ್ತದೆ." ಇದರಲ್ಲಿ ಎರಡನೆಯ ವಾಕ್ಯವನ್ನು ನಾನು ಖಂಡತುಂಡವಾಗಿ ವಿರೋಧಿಸುತ್ತೇನೆ.

ಟೆರಿಯರ್ ಎಂಬ ಹೆಸರಿನ ಮೂಲದಲ್ಲಿಯೇ ಮಣ್ಣಿದೆ. ಲ್ಯಾಟಿನ್ನಿನ 'ಟೆರ್ರಾ' ಎಂದರೆ ಭೂಮಿ. ನೆಲದೊಳಗಿನ ಬಿಲಕ್ಕೆ ನುಗ್ಗುವ ನಾಯಿಯೆಂದೇ ಆ ಹೆಸರು. (ವ್ಯುತ್ಪತ್ತಿ ಹೇಳದೆ ಪಾಠ ಆರಂಭಿಸುವ ಅಭ್ಯಾಸ ನನಗಿಲ್ಲವೆಂಬುದು ನಿಮಗೆ ತಿಳಿದೇ ಇದೆ.) ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪಾದ್ರಿ ಜಾನ್ ರಸೆಲ್, ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನಿಂದ 'ಟ್ರಂಪ್' ಎಂಬ ಬಿಳಿಯ ಹೆಣ್ಣುನಾಯಿಯನ್ನು ಕೊಂಡರೆಂದೂ ಈ ತಳಿ ಅದರ ಸಂತತಿಯಿಂದ ಬೆಳೆಯಿತೆಂದೂ ಪ್ರಸಿದ್ಧಿ. ಅವರು ಬಯಸಿದ್ದು ಮಡಿಲಲ್ಲಿ ಮಲಗುವ ಪ್ರಾಣಿಯನ್ನಲ್ಲ. ಕುದುರೆಗಳೊಡನೆ ಮೈಲುಗಟ್ಟಲೆ ಓಡಬೇಕು. ನರಿ ಬಿಲ ಸೇರಿದಾಗ ಕತ್ತಲೆಯಲ್ಲಿ ಒಂಟಿಯಾಗಿ ಒಳಹೊಕ್ಕು, ಬೊಗಳಿ ಬೊಗಳಿ ಅದನ್ನು ಹೊರಗಟ್ಟಬೇಕು. ಬೇಟೆಯ ಗದ್ದಲದಲ್ಲಿ ನಾಯಿಯನ್ನೇ ನರಿಯೆಂದು ಭ್ರಮಿಸದಿರಲೆಂದು ಬಿಳಿಯ ಬಣ್ಣ. ಬಿಲದಲ್ಲಿ ಸಿಲುಕದಿರಲೆಂದು ಎರಡು ಕೈಗಳ ಹಿಡಿತಕ್ಕೆ ಸಿಗುವಷ್ಟೇ ಎದೆ. ನಿಮಗೆ ಮುದ್ದಾಗಿ ಕಾಣುವ ಆ 5-6 ಕಿಲೋ ದೇಹ ದುಡಿಮೆಗಾಗಿ ರೂಪುಗೊಂಡದ್ದೇ ಹೊರತು ಸೋಫಾದ ಅಲಂಕಾರಕ್ಕಲ್ಲ.

ಇಂಗ್ಲೆಂಡಿನಲ್ಲಿ ಬೇಟೆನಾಯಿಗಳ ಹಿಂಡಿನಿಂದ ನರಿಯನ್ನು ಬೇಟೆಯಾಡುವುದು 2005ರಲ್ಲಿ ನಿಷಿದ್ಧವಾಯಿತು. ಆ ಸುತ್ತೋಲೆ ನಾಯಿಗೆ ತಲುಪಿಲ್ಲ. ಬೆಂಗಳೂರಿನ ಏಳನೆಯ ಮಹಡಿಯಲ್ಲಿಯೂ ಅದು ನರಿಯನ್ನೇ ಹುಡುಕುತ್ತದೆ. ಸಿಗದಿದ್ದರೆ ದಿಂಬು, ಹೂಕುಂಡದ ಮಣ್ಣು, ಪಕ್ಕದ ಮನೆಯ ಬೆಕ್ಕು. ಬೊಗಳಲೆಂದೇ ಆರಿಸಿ ಬೆಳೆಸಿದ ಪ್ರಾಣಿ ಬೊಗಳಿತೆಂದು ನಿವಾಸಿಗಳ ಸಂಘ ನೋಟಿಸು ಕೊಡುತ್ತದೆ. ನಮ್ಮ ಬಂಧುಗಳೊಬ್ಬರು ತಂದ ಇಂಥ ನಾಯಿ (ಹೆಸರು ಬೇಡ, ಓದುತ್ತಿರುತ್ತಾರೆ) ಹನ್ನೊಂದು ತಿಂಗಳಲ್ಲಿ ಮೂರು ಮನೆಗಳನ್ನು ಕಂಡಿತು. ಪ್ರತಿ ಬಾರಿಯೂ ಅಪರಾಧಿ ನಾಯಿಯೇ! ಚಟುವಟಿಕೆಯ ಹುಡುಗನನ್ನು ದಿನವಿಡೀ ಬೆಂಚಿನ ಮೇಲೆ ಕೂರಿಸಿ, ಸಂಜೆ ತಂದೆಗೆ ದೂರು ಬರೆಯುವ ಶಿಕ್ಷಕನ ನ್ಯಾಯವಿದು.

ಹಾಗಾದರೆ ಸಾಕಲೇಬಾರದೇ? ಸಾಕಬಹುದು. ಇಷ್ಟು ಚುರುಕಾದ, ಧೀರವಾದ, ಮನೆಯವರನ್ನು ಹಚ್ಚಿಕೊಳ್ಳುವ ನಾಯಿ ಅಪರೂಪ. ಆದರೆ ದಿನಕ್ಕೆ ಒಂದು ಗಂಟೆಯಾದರೂ ಅದರೊಡನೆ ಓಡುವವರು ಯಾರು? ಬಾಲ ಎಳೆದರೆ ಸಹಿಸಿಕೊಳ್ಳುವ ಜೀವವೂ ಅದಲ್ಲ. ಎರಡು ವರ್ಷದ ಕೂಸಿನ ಕೈಗೆ ಅದನ್ನು ಒಪ್ಪಿಸುವುದು ಇಬ್ಬರಿಗೂ ಬಗೆವ ಅನ್ಯಾಯ. 13-14 ವರ್ಷ ಬಾಳುವ ನಾಯಿಯಿದು. ಐದು ವರ್ಷದ ಮಗನಿಗೆಂದು ತಂದದ್ದು ಅವನು ಇಂಜಿನಿಯರಿಂಗ್ ಸೇರಿ ಹಾಸ್ಟೆಲ್ಲಿಗೆ ಹೋದಾಗಲೂ ಬಾಗಿಲಲ್ಲಿ ನಿಂತಿರುತ್ತದೆ. ಆಗ ನಡೆಸಬೇಕಾದವರು ನೀವು, ನಿಮ್ಮ ಮಂಡಿನೋವಿನ ಸಮೇತ.

ಎಂಟು ವಾರ ತುಂಬದ ಮರಿಯನ್ನು ಮಾರುವುದು 2017ರ ಕೇಂದ್ರ ನಿಯಮಗಳಿಗೆ ವಿರುದ್ಧ. ತಾಯಿನಾಯಿಯನ್ನು ತೋರಿಸಲೊಪ್ಪದವನ ಬಾಗಿಲಿನಿಂದ ಹಿಂದಿರುಗಿ ಬನ್ನಿ. ಮೊದಲು ಈ ತಳಿಯನ್ನು ಸಾಕಿದವರ ಮನೆಯಲ್ಲಿ ಒಂದು ಸಂಜೆ ಕುಳಿತು, ಬಚ್ಚಿಟ್ಟ ಚೆಂಡನ್ನು ಅದು ಎಷ್ಟು ಹೊತ್ತು ಬಿಡದೆ ಹುಡುಕುತ್ತದೆಂದು ನೋಡಿ. ಮುಂಗಡ ಕೊಡುವ ಮಾತು ಆಮೇಲೆ.