ಕೊಳ್ಳುವುದೋ, ಬಾಡಿಗೆಯೋ?

ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಕೋಣೆ ಹಿಡಿದು ಓದುವವರಿಗೆ ಬಾಡಿಗೆಯ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಈಗ ಗಣಕಯಂತ್ರದೊಳಗಿನ ತಂತ್ರಾಂಶಕ್ಕೂ ಅದೇ ಲೆಕ್ಕ. ‘ಆಫೀಸ್ 2024’ ಒಮ್ಮೆ ಹಣ ಕೊಟ್ಟು ಕೊಳ್ಳುವಂಥದು, ಒಂದೇ ಯಂತ್ರಕ್ಕೆ. ‘ಮೈಕ್ರೋಸಾಫ್ಟ್ 365’ ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಟುವಂಥದು. ಅದರ ಕುಟುಂಬ ಯೋಜನೆಯಲ್ಲಿ 6 ಮಂದಿಯವರೆಗೆ ಪಾಲುಗೊಳ್ಳಬಹುದು.

ಚಂದಾ ನಿಂತರೆ ಬರೆದದ್ದೆಲ್ಲ ಅಳಿಸಿಹೋದೀತೆಂದು ಪೋಷಕರು ಹೆದರುವುದುಂಟು. ಹಾಗೇನಿಲ್ಲ. ಯಂತ್ರದಲ್ಲಿರುವ ಕಡತವನ್ನು ತೆರೆದು ಓದಬಹುದು, ಮುದ್ರಿಸಬಹುದು, ತಿದ್ದಲಾಗದು, ಅಷ್ಟೆ. ಪ್ರಾಜೆಕ್ಟ್ ವರದಿ ಒಪ್ಪಿಸುವ ಹಿಂದಿನ ರಾತ್ರಿ ಆ ‘ಅಷ್ಟೆ’ ದೊಡ್ಡದಾಗಿಯೇ ಕಾಣುತ್ತದೆನ್ನಿ!

ಕೊಂಡದ್ದಾದರೂ ಶಾಶ್ವತವೇ? ಆಫೀಸ್ 2016 ಮತ್ತು 2019ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2024ರ ಆವೃತ್ತಿಗೆ 2029ರ ಅಕ್ಟೋಬರ್‌ವರೆಗೆ ಗಡುವು. ತಂತ್ರಾಂಶ ಆಮೇಲೂ ನಡೆಯುತ್ತದೆ. ಸುರಕ್ಷತೆಯ ತಿದ್ದುಪಡಿ ಮಾತ್ರ ಬರುವುದಿಲ್ಲ. ಕೊಳ್ಳುವ ಬೆಲೆಯನ್ನು ವರ್ಷದ ಚಂದಾದಿಂದ ಭಾಗಿಸಿ ನೋಡಿ. ಬಂದ ವರ್ಷಗಳಿಗಿಂತ ಓದು ಉದ್ದವಿದ್ದು, ಮನೆಯಲ್ಲಿ ಬಳಸುವವರು ಒಬ್ಬರೇ ಆದರೆ ಕೊಳ್ಳುವುದೇ ಲೇಸು.

ಎರಡೂ ಬೇಡವೆಂದರೆ ಉಚಿತವಾದ ‘ಲಿಬ್ರೆ ಆಫೀಸ್’ ಇದೆ. ಅದರಲ್ಲಿ ಕನ್ನಡವೂ ಬರುತ್ತದೆ. ವರ್ಡ್‌ನ ಕಡತ ತೆರೆದಾಗ ಪುಟದ ಜೋಡಣೆ ಕೆಲವೊಮ್ಮೆ ಕದಲುತ್ತದೆ. ಆದ್ದರಿಂದ ಒಪ್ಪಿಸುವ ಪ್ರತಿಯನ್ನು ಪಿಡಿಎಫ್ ಮಾಡಿಕೊಡಬೇಕು.

ಹಣ ತೆಗೆಯುವ ಮೊದಲು ಕಾಲೇಜಿನಲ್ಲಿ ವಿಚಾರಿಸಿ. ಅರ್ಹ ಶಿಕ್ಷಣ ಸಂಸ್ಥೆ ನೋಂದಾಯಿಸಿಕೊಂಡಿದ್ದರೆ, ಅದು ಕೊಟ್ಟ ಇ-ಮೇಲ್ ವಿಳಾಸದಿಂದ ಆಫೀಸಿನ ಅಂತರಜಾಲ ಆವೃತ್ತಿ ಉಚಿತವಾಗಿ ಸಿಗುತ್ತದೆ. ಕಾಲೇಜು ಬಿಟ್ಟ ಮೇಲೆ ಆ ವಿಳಾಸ ನಿಂತುಹೋಗಬಹುದು. ಕೊನೆಯ ಸೆಮಿಸ್ಟರಿನಲ್ಲೇ ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಬೇಕು.