ತೊಟ್ಟಿಯಲ್ಲಿ ಮರಿ ಹಾಕಿದರೆ ನದಿ ಉಳಿಯುವುದಿಲ್ಲ

2022ರ ನವೆಂಬರಿನಲ್ಲಿ ಪನಾಮಾದಲ್ಲಿ ಸೇರಿದ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಮಾವೇಶ ಬ್ರೆಜಿಲ್ ಮುಂದಿಟ್ಟ ಒಂದು ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ದಕ್ಷಿಣ ಅಮೆರಿಕದ ಏಳು ಜಾತಿಯ ಸಿಹಿನೀರಿನ ತೊರಕೆ ಮೀನುಗಳು ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿದವು. ರಫ್ತು ಮಾಡುವ ದೇಶದ ಪರವಾನಗಿ ಇಲ್ಲದೆ ಅವು ಇನ್ನು ಗಡಿ ದಾಟುವಂತಿಲ್ಲ. ಇದಕ್ಕೆ ಅಕ್ವೇರಿಯಂ ವ್ಯಾಪಾರದವರೂ ಹವ್ಯಾಸಿಗಳೂ ಎತ್ತುವ ತಕರಾರು ಒಂದೇ: ತೈವಾನ್, ಥಾಯ್ಲೆಂಡ್, ಮಲೇಷ್ಯಾಗಳ ಫಾರಂಗಳಲ್ಲಿ ಈ ಮೀನುಗಳು ಧಾರಾಳವಾಗಿ ಮರಿ ಹಾಕುತ್ತಿವೆ, ಸಂತತಿಯನ್ನು ಕಾಪಾಡುತ್ತಿರುವವರೇ ನಾವು, ಹಾಗಿರುವಾಗ ಈ ಕಾಗದಪತ್ರದ ಕಾಟ ಯಾಕೆ?

ಕೇಳಲು ಚೆಂದದ ವಾದ. ಪರೀಕ್ಷೆಗೆ ನಿಲ್ಲುವುದಿಲ್ಲ.

ಆ ಏಳು ಜಾತಿಗಳ ಪೈಕಿ ತುಂಬ ಬೇಡಿಕೆಯಿರುವ ಒಂದು ಪೊಟಾಮೊಟ್ರೈಗನ್ ಲಿಯೊಪೋಲ್ಡಿ. ಬ್ರೆಜಿಲ್‌ನ ಶಿಂಗು ನದಿಯ ಜಲಾನಯನ ಬಿಟ್ಟರೆ ಜಗತ್ತಿನ ಇನ್ಯಾವ ನದಿಯಲ್ಲೂ ಅದು ಸಹಜವಾಗಿ ಇಲ್ಲ. ಕಾವಲಿಯಂತೆ ದುಂಡಗಿನ ಕಪ್ಪು ಮೈ, ಅದರ ತುಂಬ ಬಿಳಿ ಚುಕ್ಕೆಗಳು, ಬಾಲದ ಮೇಲೆ ವಿಷದ ಮುಳ್ಳು. ಮರಳಿನಲ್ಲಿ ಹುದುಗಿ ಕೂತಾಗ ಕಾಣುವುದು ಎರಡು ಕಣ್ಣು ಮತ್ತು ಅವುಗಳ ಹಿಂದಿನ ಎರಡು ರಂಧ್ರ ಮಾತ್ರ. ಆ ರಂಧ್ರಗಳು ಬಿಚ್ಚಿ ಮುಚ್ಚುತ್ತ ಉಸಿರಿಗೆ ನೀರು ಎಳೆದುಕೊಳ್ಳುತ್ತವೆ. ತೊಟ್ಟಿಯ ನೀರಿನಲ್ಲಿ ಅಮೋನಿಯಾ ಏರಿತೋ, ಮೀನು ಮೊದಲು ಮೇವು ಬಿಡುತ್ತದೆ. ಆಮೇಲೆ ಮೈಯ ಅಂಚು ಮೇಲಕ್ಕೆ ಸುರುಳಿಯಾಗುತ್ತದೆ. ಸಾಕುವವರು ಅದನ್ನು ಸಾವಿನ ಸುರುಳಿ ಎಂದೇ ಕರೆಯುತ್ತಾರೆ, ಅಲ್ಲಿಂದ ಬದುಕಿ ಬರುವ ಮೀನು ಅಪರೂಪ. ತೊರಕೆ ಮೊಟ್ಟೆಯಿಡುವ ಮೀನಲ್ಲ. ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಹೊತ್ತು ಕೆಲವೇ ಮರಿಗಳನ್ನು ಹೆರುತ್ತದೆ, ಆ ಮರಿ ಪ್ರಾಯಕ್ಕೆ ಬರಲು ವರ್ಷಗಳೇ ಬೇಕು. ಇಂಥ ಪ್ರಾಣಿಯನ್ನು ಹೊಳೆಯಿಂದ ಬಾಚಿದರೆ ಆ ಜಾಗ ಬೇಗ ತುಂಬಿಕೊಳ್ಳುವುದಿಲ್ಲ.

ಇನ್ನು ಫಾರಂಗಳ ಮಾತು. ಸೈಟಿಸ್ ಲೆಕ್ಕದಲ್ಲಿ ಮರಿಯೊಂದನ್ನು ಸೆರೆಯಲ್ಲಿ ಹುಟ್ಟಿದ್ದು ಎನ್ನಬೇಕಾದರೆ ಮೂಲ ಜೋಡಿಯನ್ನು ಕಾನೂನುಬದ್ಧವಾಗಿ ತಂದಿರಬೇಕು. ಬ್ರೆಜಿಲ್ ಕೋಟಾ ನಿಗದಿ ಮಾಡಿ ಒಂದಷ್ಟು ತೊರಕೆಗಳನ್ನು ಹೊರಗೆ ಬಿಟ್ಟಿದೆ, ನಿಜ. ಅದರ ಜೊತೆಗೇ ಕೊಲಂಬಿಯಾ, ಪೆರು ಗಡಿಗಳ ಮೂಲಕ ಕದ್ದು ಸಾಗಿಸಿದವೂ ಇವೆ. ಮೂಲವೇ ಕಳ್ಳಮಾಲಾದರೆ ಮೊಮ್ಮಗುವಿನ ಹೊತ್ತಿಗೆ ಅದು ಸಾಚಾ ಆಗಿಬಿಡುತ್ತದೆಯೇ? ಅದಕ್ಕಿಂತ ದೊಡ್ಡ ತೊಂದರೆ ತಳಿಯದು. ಹೆಚ್ಚು ಚುಕ್ಕೆ, ಹೆಚ್ಚು ಹೊಳಪು, ಹೆಚ್ಚು ಬೆಲೆ ಎಂದು ಒಂದು ನದಿಯ ಜಾತಿಯನ್ನು ಇನ್ನೊಂದು ನದಿಯ ಜಾತಿಗೆ ಕೂಡಿಸಿ ಮಿಶ್ರತಳಿ ಮಾಡುತ್ತಾರೆ. ಆ ಮರಿಗಳನ್ನು ಶಿಂಗುವಿಗೂ ಬಿಡುವಂತಿಲ್ಲ, ತಪಜೋಸ್ ನದಿಗೂ ಬಿಡುವಂತಿಲ್ಲ. ಇದನ್ನು ಸಂರಕ್ಷಣೆ ಎಂದು ಕರೆಯುವುದು ಸುಳ್ಳು. ಸಾಕಿದ ಮೀನನ್ನು ಎಲ್ಲೆಂದರಲ್ಲಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಿಂಗಪುರವೇ ಉದಾಹರಣೆ: ಅಲ್ಲಿನ ಅಪ್ಪರ್ ಸೆಲೆಟಾರ್ ಜಲಾಶಯದಲ್ಲಿ ಯಾರೋ ಬಿಟ್ಟ ದಕ್ಷಿಣ ಅಮೆರಿಕದ ತೊರಕೆಗಳು ಸಂಸಾರ ಹೂಡಿವೆ.

ಎದುರು ಪಕ್ಷದ ಒಂದು ಮಾತನ್ನು ಮಾತ್ರ ಒಪ್ಪಲೇಬೇಕು. ಶಿಂಗುವಿನ ತೊರಕೆಗೆ ಅತಿ ದೊಡ್ಡ ಶತ್ರು ಹವ್ಯಾಸಿಯಲ್ಲ, ಬೆಲೊ ಮೊಂಟೆ ಅಣೆಕಟ್ಟು. 2016ರಲ್ಲಿ ವಿದ್ಯುತ್ ಉತ್ಪಾದನೆ ಶುರುಮಾಡಿದ, 11,233 ಮೆಗಾವಾಟ್ ಸಾಮರ್ಥ್ಯದ ಈ ಯೋಜನೆ ವೊಲ್ಟಾ ಗ್ರಾಂಡೆ ಎಂಬ ದೊಡ್ಡ ತಿರುವಿನ ನೀರಿನ ಬಹುಪಾಲನ್ನು ಬೇರೆಡೆಗೆ ಹರಿಸಿತು. ಬಂಡೆಗಳ ನಡುವಿನ ರಭಸದ ನೀರನ್ನೇ ನಂಬಿದ ಜೀವಿಗಳ ನೆಲೆಯೇ ಅಲ್ಲಿ ಕುಗ್ಗಿತು.

ಆದರೆ ಇದರಿಂದ ಫಾರಂಗಳ ವಾದಕ್ಕೆ ಬಲ ಬರುವುದಿಲ್ಲ, ಇರುವ ಬಲವೂ ಹೋಗುತ್ತದೆ. ಅಣೆಕಟ್ಟು ಬಂದಾಗ ನದಿಯ ಪರ ನಿಲ್ಲಬೇಕಾದವರು ಯಾರು? ನದಿಯಿಂದ ಅನ್ನ ದುಡಿಯುವವರು. ಆಲ್ಟಮೀರಾ ಪಟ್ಟಣದ ಸುತ್ತಮುತ್ತ ಅಲಂಕಾರಿಕ ಮೀನು ಹಿಡಿದು ಬದುಕಿದ ಕುಟುಂಬಗಳಿದ್ದವು. ಅವರ ಮೀನೇ ಸಾವಿರಾರು ಮೈಲಿ ದೂರದ ಸಿಮೆಂಟ್ ತೊಟ್ಟಿಯಲ್ಲಿ ಅಗ್ಗಕ್ಕೆ ಹುಟ್ಟತೊಡಗಿದರೆ ಅವರಿಗೆ ಉಳಿಯುವುದೇನು? ರಿಯೊ ನೀಗ್ರೊ ತೀರದ ಬಾರ್ಸೆಲೊಸ್ ಇದಕ್ಕೆ ಉತ್ತರದಂತಿದೆ. ಅಲ್ಲಿ ಕಾರ್ಡಿನಲ್ ಟೆಟ್ರಾ ಹಿಡಿದು ಬದುಕುವ ಕುಟುಂಬಗಳಿವೆ. ಆ ಮೀನಿಗೆ ಮುಳುಗಿದ ಕಾಡು ಬೇಕು ಎಂಬ ಕಾರಣಕ್ಕೇ ಕಾಡು ಉಳಿಸಿಕೊಳ್ಳುವ ದಾರಿಯನ್ನು ಪ್ರಾಜೆಕ್ಟ್ ಪಿಯಾಬಾ ಎಂಬ ಸಂಸ್ಥೆ ದಶಕಗಳಿಂದ ಪ್ರತಿಪಾದಿಸುತ್ತ ಬಂದಿದೆ. ಲೆಕ್ಕವಿಟ್ಟು ಹಿಡಿದ, ಪರವಾನಗಿ ಪಡೆದ ಒಂದು ಕಾಡುಮೀನು ನದಿಗೆ ಮಾಡುವ ಉಪಕಾರವನ್ನು ನೂರು ಮಿಶ್ರತಳಿ ಮರಿಗಳು ಮಾಡಲಾರವು. ಎರಡನೇ ಅನುಬಂಧ ನಿಷೇಧವಲ್ಲ. ಅದು ಕೇಳುವುದು ಈ ಲೆಕ್ಕವನ್ನೇ.

ಲೆಕ್ಕವಿಲ್ಲದ ವ್ಯಾಪಾರ ಏನು ಮಾಡುತ್ತದೆಂದು ನಮ್ಮ ಘಟ್ಟದ ಹೊಳೆಗಳಿಗೂ ಗೊತ್ತು. ಮಿಸ್ ಕೇರಳ ಎಂದು ಮಾರಾಟವಾಗುವ ಕೆಂಪು ಗೆರೆಯ ಮೀನು ಕೊಡಗಿನ ಬೆಟ್ಟದಲ್ಲಿ ಹುಟ್ಟುವ ಚಂದ್ರಗಿರಿ ಹೊಳೆಯಲ್ಲೂ ಇದೆ. 2005ರಿಂದ 2012ರ ನಡುವೆ ಭಾರತದಿಂದ ಹೊರಹೋದ, ಅಪಾಯದಲ್ಲಿರುವ ಜಾತಿಗಳ ಸಿಹಿನೀರು ಮೀನುಗಳು ಕನಿಷ್ಠ 15 ಲಕ್ಷ ಎಂದು 2013ರ ಒಂದು ಅಧ್ಯಯನ ತೋರಿಸಿತು. ಅದರಲ್ಲಿ ಮಿಸ್ ಕೇರಳದ ಪಾಲು 3 ಲಕ್ಷಕ್ಕೂ ಹೆಚ್ಚು. ನಮ್ಮ ಮೀನು ಹೀಗೆ ಹೋದಾಗ ಸಂಕಟಪಡುವವರು ಬ್ರೆಜಿಲ್‌ನ ಮೀನನ್ನು ಕಣ್ಣುಮುಚ್ಚಿ ಕೊಳ್ಳುವುದು ನ್ಯಾಯವಲ್ಲ.

ಭಾರತದಲ್ಲಿ ಈಗ ಕಾನೂನೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ ಸೈಟಿಸ್ ಅದರೊಳಗೆ ಬಂತು; ಸೈಟಿಸ್ ಪಟ್ಟಿಯ ಜೀವಿಗಳಿಗೆಂದೇ ಇರುವ ಕಾಯ್ದೆಯ ನಾಲ್ಕನೇ ಅನುಸೂಚಿಯ ಜೀವಂತ ಪ್ರಾಣಿಗಳನ್ನು ಸಾಕುವವರು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರ ಫೆಬ್ರವರಿಯಲ್ಲಿ ಬಂತು. ಹಾಗಾಗಿ ತೊರಕೆ ಕೊಳ್ಳಲು ಹೊರಟವರು ಬೆಲೆ ಕೇಳುವ ಮೊದಲು ಜಾತಿ ಯಾವುದು, ಎಲ್ಲಿಂದ ಬಂತು, ಆಮದು ಪರವಾನಗಿ ಎಲ್ಲಿ ಎಂದು ಕೇಳಲಿ. ಕಾಗದ ತೋರಿಸದ ಅಂಗಡಿಯಿಂದ ಬರಿಗೈಯಲ್ಲಿ ಹೊರಡಲಿ.